ಸಲಹೆ ಬಾಯಿಗೆ ಬಂದಾಗ: ವಿದ್ಯಾರ್ಥಿಯ ಎದುರು ಕೂತ ಟ್ರೇನಿ ಕೌನ್ಸೆಲರ್

“ಓದೋಕೆ ಕೂತ್ರೆ ಒಂದಕ್ಷರ ತಲೆಗೆ ಹೋಗ್ತಿಲ್ಲ ಮೇಡಂ. ಅಪ್ಪ ಹೋದ್ಮೇಲೆ ಹಿಂಗೇ ಆಗಿದೆ. ಮುಂದಿನ ತಿಂಗಳು ಪರೀಕ್ಷೆ.”

ನನ್ನ ತರಬೇತಿಯ ಮೊದಲ ವರ್ಷ. ನನ್ನೆದುರು ಬಂದು ಕೂತ ಮೂರನೇ ವಿದ್ಯಾರ್ಥಿ ಅವನು. ಆ ಮೂರು ಮಾತುಗಳಲ್ಲಿ ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮತ್ತು ಕೊನೆಯದು ಮಾತ್ರ. ನಾಲ್ಕೇ ನಿಮಿಷಕ್ಕೆ ಹಾಳೆ ತೆಗೆದು, ಗೆರೆ ಎಳೆದು, ಬೆಳಿಗ್ಗೆ ಇಷ್ಟು ಹೊತ್ತು ಇದು, ಸಂಜೆ ಇಷ್ಟು ಹೊತ್ತು ಅದು ಅಂತ ಚೆಂದದ ಟೈಮ್‌ಟೇಬಲ್ ಹಾಕಿಕೊಟ್ಟೆ. ಹುಡುಗ ಅದನ್ನು ವಿನಯದಿಂದ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ, ಥ್ಯಾಂಕ್ಸ್ ಹೇಳಿದ, ಮತ್ತೆ ಬರಲಿಲ್ಲ.

ವಾರದ ಕೊನೆಗೆ ಸೂಪರ್‌ವೈಸರ್ ಜೊತೆ ಕೂತು ಆ ಸೆಷನ್ನಿನ ರೆಕಾರ್ಡಿಂಗ್ ಕೇಳಬೇಕಿತ್ತು. ಎರಡನೇ ವಾಕ್ಯ ಬರುತ್ತಿದ್ದಂತೆ ಅವರು ನಿಲ್ಲಿಸಿದರು. “ಅಪ್ಪ ಎಲ್ಲಿಗೆ ಹೋದರು?” ನನಗೆ ಗೊತ್ತಿರಲಿಲ್ಲ. ಕನ್ನಡದಲ್ಲಿ ‘ಹೋದರು’ ಅಂದರೆ ತೀರಿಕೊಂಡರು ಅಂತಲೂ ಆಗಬಹುದು, ಮನೆ ಬಿಟ್ಟು ಹೋದರು ಅಂತಲೂ ಆಗಬಹುದು, ಕೆಲಸಕ್ಕೆಂದು ದೂರದ ಊರಿಗೆ ಹೋದರು ಅಂತಲೂ ಆಗಬಹುದು. ನಾನು ಕೇಳಿಯೇ ಇರಲಿಲ್ಲ. ಆಮೇಲೆ ಅವರು ಕೇಳಿದ ಇನ್ನೊಂದು ಪ್ರಶ್ನೆ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ: “ಆ ಟೈಮ್‌ಟೇಬಲ್ ಬೇಕಾಗಿದ್ದದ್ದು ಅವನಿಗೋ, ನಿಮಗೋ?”

ಹೊಸದಾಗಿ ಈ ಕೆಲಸಕ್ಕೆ ಬಂದವರು ವಿದ್ಯಾರ್ಥಿಗಳ ಜೊತೆ ಏನು ಮಾಡಲು ಕಲಿಯುತ್ತಾರೆ ಎನ್ನುವುದರ ಮುಕ್ಕಾಲು ಪಾಲು ಆ ಪ್ರಶ್ನೆಯಲ್ಲೇ ಇದೆ. ಎದುರಿಗಿರುವವರ ಸಂಕಟ ನೋಡಿದಾಗ ನಮಗೂ ಚಡಪಡಿಕೆ ಶುರುವಾಗುತ್ತದೆ. ಸಲಹೆ ಕೊಟ್ಟ ಕೂಡಲೇ ಅದು ಇಳಿಯುತ್ತದೆ. ಇಳಿದದ್ದು ಯಾರ ಚಡಪಡಿಕೆ ಅಂತ ನೋಡಿಕೊಳ್ಳುವುದೇ ತರಬೇತಿ. (ಇಲ್ಲಿ ಹೇಳುವ ಉದಾಹರಣೆಗಳಲ್ಲಿ ಯಾರ ಗುರುತೂ ಸಿಗದಂತೆ ವಿವರ ಬದಲಿಸಿದ್ದೇನೆ.)

ಟ್ರೇನಿ ಅಂದರೆ ಯಾರು?

ಆಪ್ತಸಮಾಲೋಚನೆಯಲ್ಲಿ ಪದವಿ ಓದುತ್ತಾ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ನಿಜವಾದ ವಿದ್ಯಾರ್ಥಿಗಳನ್ನು ನೋಡುವವರು. ಔಷಧಿ ಬರೆಯುವವರಲ್ಲ, ಅದು ಮನೋವೈದ್ಯರ ಕೆಲಸ. ಹಾಜರಾತಿ, ಅಂಕಗಳ ಬಗ್ಗೆ ದಾರಿ ತೋರಿಸುವ ಮೆಂಟರ್ ಕೂಡ ಅಲ್ಲ. ತಾನು ಇನ್ನೂ ಕಲಿಯುತ್ತಿದ್ದೇನೆ, ತನ್ನ ಮೇಲೆ ಒಬ್ಬ ಸೂಪರ್‌ವೈಸರ್ ಇದ್ದಾರೆ, ಇಲ್ಲಿನ ಮಾತು ಅವರ ಕಿವಿಗೂ ಬೀಳುತ್ತದೆ ಎನ್ನುವುದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು. ರೆಕಾರ್ಡ್ ಮಾಡುವುದಾದರೆ ಬರವಣಿಗೆಯಲ್ಲಿ ಒಪ್ಪಿಗೆ ಬೇಕು, ಬೇಡ ಅನ್ನುವ ಹಕ್ಕೂ ಇರಬೇಕು. ‘ಇನ್ನೂ ಕಲೀತಿದ್ದೀನಿ’ ಅಂದರೆ ಎದುರಿನವರಿಗೆ ನಂಬಿಕೆ ಹೋಗುತ್ತದೆ ಅಂತ ನಾವೆಲ್ಲ ಹೆದರಿದ್ದೆವು. ನಾನು ಕಂಡಂತೆ ವಿದ್ಯಾರ್ಥಿಗಳು ಅದಕ್ಕೆ ತಲೆಯೇ ಕೆಡಿಸಿಕೊಳ್ಳುವುದಿಲ್ಲ. ಅವರೂ ಕಲಿಯುತ್ತಿರುವವರೇ ತಾನೆ.

ಈ ರೆಕಾರ್ಡಿಂಗ್ ಪದ್ಧತಿಗೆ ಒಂದು ಹಿನ್ನೆಲೆ ಇದೆ. ಬಾಗಿಲು ಹಾಕಿದ ಕೋಣೆಯೊಳಗೆ ಚಿಕಿತ್ಸಕರು ಏನು ಮಾತಾಡುತ್ತಾರೆ ಎನ್ನುವುದು ಬಹುಕಾಲ ಅವರ ನೆನಪಿನ ಟಿಪ್ಪಣಿಗಳಿಂದ ಮಾತ್ರ ಹೊರಗೆ ಬರುತ್ತಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ಸುಮಾರಿಗೆ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಮಾತುಕತೆಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿಕೊಳ್ಳತೊಡಗಿದರು. 1942ರ ತಮ್ಮ ಪುಸ್ತಕದಲ್ಲಿ ಒಬ್ಬ ವ್ಯಕ್ತಿಯ ಜೊತೆಗಿನ ಎಂಟೂ ಭೇಟಿಗಳನ್ನು ಪದಕ್ಕೆ ಪದ ಅಚ್ಚು ಹಾಕಿಸಿದರು. ತನ್ನ ತಪ್ಪುಗಳನ್ನೂ ಊರೆಲ್ಲ ಓದಲಿ ಅನ್ನುವ ಧೈರ್ಯ ಅದು. ನಮ್ಮ ತಪ್ಪನ್ನು ಒಬ್ಬ ಸೂಪರ್‌ವೈಸರ್ ಮುಂದೆ ಕೇಳಿಸಿಕೊಳ್ಳುವುದಕ್ಕೇ ನಮಗೆ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಈ ವಯಸ್ಸೇ ಯಾಕೆ?

ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಈ ಕ್ಷೇತ್ರದವರಿಗೆಲ್ಲ ಬಾಯಿಪಾಠ. ಜೀವಮಾನದಲ್ಲಿ ಬರುವ ಮಾನಸಿಕ ತೊಂದರೆಗಳಲ್ಲಿ ಅರ್ಧದಷ್ಟು 14ನೇ ವಯಸ್ಸಿಗೆ, ಮುಕ್ಕಾಲು ಪಾಲು 24ನೇ ವಯಸ್ಸಿನೊಳಗೆ ತಲೆಯೆತ್ತಿರುತ್ತವೆ ಅಂತ ಅದು ಹೇಳಿತು. ಅಂದರೆ ವಿಶ್ವವಿದ್ಯಾಲಯದ ವರ್ಷಗಳು ಸರಿಯಾಗಿ ಆ ಗಡಿಯ ಮೇಲೇ ಬರುತ್ತವೆ. ಇದೇ ಸಮಯಕ್ಕೆ ಮನೆಯಿಂದ ದೂರ, ಹೊಸ ಊರು, ಪ್ರೀತಿ, ಹಣದ ಲೆಕ್ಕ, ‘ಮುಂದೇನು’ ಎನ್ನುವ ಪ್ರಶ್ನೆ, ಎಲ್ಲ ಒಟ್ಟಿಗೆ. ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 2000ರಲ್ಲಿ 18ರಿಂದ 25ರವರೆಗಿನ ಈ ಹಂತಕ್ಕೆ ಬೇರೆಯದೇ ಹೆಸರು ಬೇಕು ಅಂತ ವಾದಿಸಿದರು. ಇದು ಹದಿಹರೆಯವಲ್ಲ, ಪೂರ್ತಿ ದೊಡ್ಡವರಾದ ಸ್ಥಿತಿಯೂ ಅಲ್ಲ, ಇನ್ನೂ ಮೂಡುತ್ತಿರುವ ವಯಸ್ಕತನ.

ಆದರೆ ಯಾವ ವಿದ್ಯಾರ್ಥಿಯೂ “ನನಗೆ ವಯಸ್ಕತನ ಮೂಡುತ್ತಿದೆ” ಅಂತ ಬಂದು ಹೇಳುವುದಿಲ್ಲ. ಬರುವುದು ಓದಿನ ನೆಪದಲ್ಲಿ. ಓದು ಹತ್ತುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಪ್ರಾಜೆಕ್ಟ್ ಮುಗಿಯುತ್ತಿಲ್ಲ. ಅದು ಸುಳ್ಳೇನಲ್ಲ, ಅದೂ ನಿಜವೇ. ಆದರೆ ಬಾಗಿಲು ತಟ್ಟುವುದಕ್ಕೆ ನಾಚಿಕೆಯಾಗದ ಕಾರಣ ಅದೊಂದೇ.

ಇನ್ನು ನಮ್ಮ ಭಾಷೆಯಲ್ಲಿ ಈ ಕೆಲಸ ಮಾಡುವವರು ಮೊದಲ ತಿಂಗಳಲ್ಲೇ ಮುಗ್ಗರಿಸುವ ಪದವೊಂದಿದೆ: ‘ಬೇಜಾರು’. ಕ್ಲಾಸು ಬೋರಾದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಯಾರೋ ಅವಮಾನ ಮಾಡಿದರೂ ಬೇಜಾರು, ಬದುಕೇ ಬೇಡ ಅನ್ನಿಸಿದರೂ ಅದೇ ಪದ. “ಸ್ವಲ್ಪ ಬೇಜಾರು ಅಷ್ಟೇ” ಅಂದಾಗ ತಲೆಯಾಡಿಸಿ ಮುಂದೆ ಹೋದರೆ, ಏನನ್ನು ದಾಟಿಕೊಂಡು ಬಂದೆವು ಅಂತ ನಮಗೇ ತಿಳಿಯುವುದಿಲ್ಲ. “ಬೇಜಾರು ಅಂದ್ರೆ ಯಾವ ಥರ? ಅಳು ಬರೋ ಥರಾನೋ, ಸಿಟ್ಟು ಬರೋ ಥರಾನೋ, ಏನೂ ಬೇಡ ಅನ್ಸೋ ಥರಾನೋ?” ಅಂತ ಕೇಳಬೇಕು. ‘ಟೆನ್ಷನ್’ ಕೂಡ ಇದರದ್ದೇ ತಮ್ಮ.

ಕೇಳುವುದು ಅಂದರೆ ಸುಮ್ಮನಿರುವುದಲ್ಲ

1957ರಲ್ಲಿ ಇದೇ ರೋಜರ್ಸ್ ಒಂದು ಲೇಖನ ಬರೆದು, ಮನುಷ್ಯ ಬದಲಾಗಲು ಬೇಕಾದ ಸ್ಥಿತಿಗಳು ಆರು ಅಂದರು. ಅದರಲ್ಲಿ ಮೂರು ಎಲ್ಲ ಟ್ರೇನಿಗಳ ನಾಲಿಗೆಯ ಮೇಲಿವೆ: ಎದುರಿನವರ ಒಳಗನ್ನು ಅವರ ಕಣ್ಣಿನಿಂದ ನೋಡುವ ಅನುಭೂತಿ, ಷರತ್ತಿಲ್ಲದ ಗೌರವ, ಒಳಗೊಂದು ಹೊರಗೊಂದು ಇಲ್ಲದ ಪ್ರಾಮಾಣಿಕತೆ. ಹೇಳುವುದು ಸುಲಭ. ರೂಢಿಸಿಕೊಳ್ಳುವಾಗ ಎಡವುವುದು ಮೊದಲನೆಯದರಲ್ಲಿ, ಏಕೆಂದರೆ ಕನಿಕರ ಅದರ ವೇಷ ಹಾಕಿಕೊಂಡು ಬರುತ್ತದೆ. “ಅಯ್ಯೋ ಪಾಪ” ಅನ್ನುವಾಗ ನಾನು ದಡದಲ್ಲಿದ್ದೇನೆ, ನೀವು ನೀರಿನಲ್ಲಿದ್ದೀರಿ ಅನ್ನುವುದೂ ಸೇರಿಕೊಂಡಿರುತ್ತದೆ.

ಹತ್ತಿರದಿಂದ ನೋಡೋಣ. ಒಬ್ಬಳು ಹೇಳುತ್ತಾಳೆ: “ಕ್ಲಾಸಲ್ಲಿ ಎಲ್ರೂ ನನಗಿಂತ ಬುದ್ಧಿವಂತ್ರು. ನಾನು ಹೇಗೋ ಸೀಟ್ ಸಿಕ್ಕಿ ಬಂದುಬಿಟ್ಟಿದ್ದೀನಿ. ಒಂದಿನ ಎಲ್ರಿಗೂ ಗೊತ್ತಾಗುತ್ತೆ.”

ಹೊಸಬರ ಬಾಯಿಗೆ ಮೊದಲು ಬರುವುದು: “ಹಾಗೇನಿಲ್ಲ, ನೀವೂ ಬುದ್ಧಿವಂತರೇ.” ಒಳ್ಳೆಯ ಮಾತೇ, ಆದರೆ ಅವಳಿಗೆ ಕೇಳಿಸುವುದು ‘ನಿಮ್ಮ ಹೆದರಿಕೆ ತಪ್ಪು, ಒಳಗಿಟ್ಟುಕೊಳ್ಳಿ’ ಅಂತ. ಎರಡನೇ ತಿಂಗಳ ಟ್ರೇನಿ ಗಿಳಿಯಾಗುತ್ತಾರೆ: “ಅಂದ್ರೆ ಎಲ್ರೂ ನಿಮಗಿಂತ ಬುದ್ಧಿವಂತ್ರು ಅಂತ ನಿಮಗೆ ಅನ್ಸುತ್ತೆ.” ಅವಳು “ಹೂಂ, ಅದನ್ನೇ ಹೇಳಿದ್ದು” ಅನ್ನುತ್ತಾಳೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕಿವಿ ಪಳಗಿದವರು ಮಾತಿನ ಕೊನೆಯ ತುಣುಕನ್ನು ಹಿಡಿಯುತ್ತಾರೆ: “ಗೊತ್ತಾಗಿಬಿಡುತ್ತೆ ಅಂತ ಪ್ರತಿದಿನ ಕಾಯೋದೇ ಸುಸ್ತು ಅನ್ನಿಸುತ್ತೆ.” ಇದು ತಪ್ಪೂ ಆಗಬಹುದು. ತಪ್ಪಾದರೆ ಅವಳೇ ತಿದ್ದುತ್ತಾಳೆ, “ಸುಸ್ತಲ್ಲ, ಭಯ” ಅಂತ. ಆ ತಿದ್ದುಪಡಿಯೂ ನಮಗೆ ಬೇಕಾದದ್ದೇ.

(ಅವಳು ಹೇಳುತ್ತಿರುವುದಕ್ಕೆ ಶಾಸ್ತ್ರದಲ್ಲಿ ಹೆಸರೂ ಇದೆ. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಸಾಧನೆ ಮಾಡಿದ ಮಹಿಳೆಯರಲ್ಲಿ ಇದನ್ನು ಗುರುತಿಸಿ ‘ಇಂಪೋಸ್ಟರ್’, ಅಂದರೆ ಸೋಗು ಹಾಕಿದವರ, ಅನುಭವ ಎಂದು ಕರೆದರು. ಗಂಡಸರಲ್ಲೂ ಇರುತ್ತದೆ ಅಂತ ಆಮೇಲೆ ತಿಳಿಯಿತು. ಟ್ರೇನಿಗಳಲ್ಲಂತೂ ಧಾರಾಳವಾಗಿ ಇರುತ್ತದೆ.)

ಹಾಗಾದರೆ ಬರೀ ಕೇಳಿ ಕಳಿಸುವುದೇ? ಅಲ್ಲ. ಓದನ್ನು ಮುಂದೂಡುವ ವಿಷಯವನ್ನೇ ತೆಗೆದುಕೊಳ್ಳಿ. ಪುಸ್ತಕ ತೆರೆದರೆ ಎದೆ ಡವಡವ ಅನ್ನುತ್ತದೆ. ಮುಚ್ಚಿ ಫೋನ್ ಹಿಡಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯೇ ಬಹುಮಾನ. ಮುಚ್ಚಿದ್ದಕ್ಕೆ ಬಹುಮಾನ ಸಿಕ್ಕಿತು ಅಂತ ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಬೇಗ ಮುಚ್ಚುತ್ತದೆ. ಈ ನಡುವೆ ಓದಬೇಕಾದದ್ದು ಬೆಳೆಯುತ್ತಾ ಹೋಗಿ ಹೆದರಿಕೆಯೂ ದೊಡ್ಡದಾಗುತ್ತದೆ. ಇದನ್ನು ಸೋಮಾರಿತನ ಅಂತ ಮನೆಯವರೂ ಕರೆಯುತ್ತಾರೆ, ಸ್ವತಃ ವಿದ್ಯಾರ್ಥಿಯೂ ಕರೆದುಕೊಳ್ಳುತ್ತಾನೆ. ಅರಿವು ಮತ್ತು ವರ್ತನೆಗಳ ಚಿಕಿತ್ಸೆಯಲ್ಲಿ, ಎಲ್ಲರೂ ಸಿ.ಬಿ.ಟಿ. ಅನ್ನುತ್ತಾರಲ್ಲ ಅದರಲ್ಲಿ, ಈ ಚಕ್ರವನ್ನು ವಿದ್ಯಾರ್ಥಿಯ ಜೊತೆ ಕೂತು ಹಾಳೆಯ ಮೇಲೆ ಬಿಡಿಸುತ್ತೇವೆ. ಆಮೇಲೆ ಎಲ್ಲಿ ಕತ್ತರಿಸಬಹುದು ಅಂತ ಅವನನ್ನೇ ಕೇಳುತ್ತೇವೆ. ಪುಸ್ತಕ ತೆರೆದು ಹತ್ತು ನಿಮಿಷ ಕೂರುವುದು, ಅರ್ಥವಾಗದಿದ್ದರೂ ಪರವಾಗಿಲ್ಲ, ಹೆದರಿಕೆ ಏರಿ ತಾನಾಗಿ ಇಳಿಯುವುದನ್ನು ಗಮನಿಸುವುದು, ಇಷ್ಟೇ ಇರಬಹುದು ಮೊದಲ ಹೆಜ್ಜೆ.

ಇದೂ ಸಲಹೆಯೇ ಅಲ್ಲವೇ, ನನ್ನ ಟೈಮ್‌ಟೇಬಲ್ ಮಾಡಿದ ತಪ್ಪೇನು? 1979ರಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ ಕೊಟ್ಟ ಲೆಕ್ಕಾಚಾರ ನನಗೆ ಉತ್ತರ ಕೊಟ್ಟಿತು. ಯಾವ ವಿಧಾನವೇ ಆಗಲಿ, ಇಬ್ಬರ ನಡುವೆ ಮೂರು ಸಂಗತಿ ಕೂಡಿಬರಬೇಕು ಅಂದರು ಅವರು: ಎಲ್ಲಿಗೆ ಹೋಗಬೇಕು ಎನ್ನುವುದರಲ್ಲಿ ಒಪ್ಪಂದ, ಅದಕ್ಕೆ ಏನು ಮಾಡಬೇಕು ಎನ್ನುವುದರಲ್ಲಿ ಒಪ್ಪಂದ, ಮತ್ತು ಇಬ್ಬರ ನಡುವೆ ನಂಬಿಕೆಯ ನಂಟು. ನಾಲ್ಕನೇ ನಿಮಿಷದಲ್ಲಿ ನಮ್ಮ ನಡುವೆ ಮೂರರಲ್ಲಿ ಒಂದೂ ಇರಲಿಲ್ಲ. ಹುಡುಗನಿಗೆ ಪರೀಕ್ಷೆ ಪಾಸಾಗಬೇಕಿತ್ತೋ, ಅಪ್ಪನ ಬಗ್ಗೆ ಯಾರ ಹತ್ತಿರವಾದರೂ ಬಾಯಿ ಬಿಡಬೇಕಿತ್ತೋ, ನಾನು ಕೇಳಿದ್ದರೆ ತಾನೇ.

ಕೇಳಲೇಬೇಕಾದ ಪ್ರಶ್ನೆ

ಟ್ರೇನಿಗಳ ಬಾಯಿ ಒಣಗುವುದು ಒಂದೇ ಪ್ರಶ್ನೆಗೆ: ಸಾಯುವ ಯೋಚನೆ ಬಂದಿದೆಯಾ? ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎನ್ನುವ ಭಯ ಮನೆಮನೆಯಲ್ಲೂ ಇದೆ. ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳಲ್ಲಿ 2,300ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆ ಕೇಳಿದರು, ಇನ್ನೊಂದಕ್ಕೆ ಕೇಳಲಿಲ್ಲ. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೇಳಿಸಿಕೊಂಡವರ ಸಂಕಟವಾಗಲಿ ಅಂಥ ಯೋಚನೆಯಾಗಲಿ ಉಳಿದವರಿಗಿಂತ ಹೆಚ್ಚಾಗಲಿಲ್ಲ.

ಆದರೆ ಕೇಳುವ ರೀತಿ ಇದೆಯಲ್ಲ. ಭಯದಲ್ಲಿ ನಮ್ಮ ಬಾಯಿಂದ ಬರುವ ಪ್ರಶ್ನೆ ಹೀಗಿರುತ್ತದೆ: “ಅಂಥದ್ದೇನೂ ಮಾಡ್ಕೊಳ್ಳಲ್ಲ ಅಲ್ವಾ?” ಆ ‘ಅಲ್ವಾ’ ಕೈಮುಗಿದು ‘ಇಲ್ಲ’ ಎನ್ನುವ ಉತ್ತರವನ್ನೇ ಬೇಡುತ್ತದೆ. ವಿದ್ಯಾರ್ಥಿ ಒಳ್ಳೆಯವನು, ಕೊಡುತ್ತಾನೆ. ಕನ್ನಡಿ ಮುಂದೆ ನಿಂತು ನಾವು ಅಭ್ಯಾಸ ಮಾಡಿದ ವಾಕ್ಯ ಬೇರೆ: “ಇಷ್ಟೆಲ್ಲ ಆದಾಗ ಕೆಲವರಿಗೆ ಸತ್ತುಹೋಗೋಣ ಅನ್ಸುತ್ತೆ. ನಿಮಗೆ ಹಾಗೆ ಅನ್ಸಿದ್ಯಾ?” ದನಿ ಏರಬಾರದು, ಇಳಿಯಲೂ ಬಾರದು. ಖಿನ್ನತೆಯ ತೀವ್ರತೆ ಅಳೆಯಲು ಎಲ್ಲೆಡೆ ಬಳಸುವ ಪಿ.ಎಚ್.ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆಯಲ್ಲೂ ಕೊನೆಯ ಪ್ರಶ್ನೆ ಇದರ ಬಗ್ಗೆಯೇ. ಒಟ್ಟು ಅಂಕ 27ಕ್ಕೆ ಎಷ್ಟೇ ಬಂದಿರಲಿ, ಒಂಬತ್ತನೆಯದಕ್ಕೆ ಸೊನ್ನೆ ಬಿಟ್ಟು ಬೇರೆ ಏನನ್ನು ಗುರುತು ಮಾಡಿದ್ದರೂ ಆ ಹಾಳೆಯನ್ನು ಪಕ್ಕಕ್ಕಿಟ್ಟು ಮಾತಾಡಲೇಬೇಕು.

‘ಹೌದು’ ಅಂದರೆ? ಮೊದಲು ಗಾಬರಿಯಾಗದೆ ಕೇಳಿಸಿಕೊಳ್ಳುವುದು. ಯೋಚನೆ ಎಷ್ಟು ಸಲ ಬರುತ್ತದೆ, ಯೋಜನೆ ಏನಾದರೂ ಇದೆಯಾ, ಹಿಂದೆ ಪ್ರಯತ್ನ ಮಾಡಿದ್ದುಂಟಾ, ಏನು ಇಲ್ಲಿಯವರೆಗೆ ತಡೆದು ನಿಲ್ಲಿಸಿದೆ, ಇದೆಲ್ಲ. ಆಮೇಲೆ ಟ್ರೇನಿ ಒಬ್ಬರೇ ತೀರ್ಮಾನ ಮಾಡುವಂತಿಲ್ಲ. ವಿದ್ಯಾರ್ಥಿ ಕಟ್ಟಡ ಬಿಡುವ ಮೊದಲೇ ಸೂಪರ್‌ವೈಸರ್‌ಗೆ ವಿಷಯ ತಿಳಿಯಬೇಕು. “ನೀವು ಹೇಳಿದ್ದು ಮುಖ್ಯವಾದ ವಿಷಯ, ನಮ್ಮ ಹಿರಿಯರೊಬ್ಬರನ್ನೂ ಈಗಲೇ ಸೇರಿಸಿಕೊಳ್ಳೋಣ” ಅಂತ ಹೇಳಿಯೇ ಎದ್ದು ಹೋಗಬೇಕು. ಅವಸರದ ಅಪಾಯ ಕಂಡರೆ ಆಸ್ಪತ್ರೆ. ಅಷ್ಟಿಲ್ಲದಿದ್ದರೆ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ, ಒಂದೇ ಪುಟದ್ದು: ಕೆಟ್ಟ ಹೊತ್ತು ಬರುತ್ತಿದೆ ಅಂತ ನನಗೆ ಹೇಗೆ ಗೊತ್ತಾಗುತ್ತದೆ, ಆಗ ಒಬ್ಬನೇ ಏನು ಮಾಡಬಲ್ಲೆ, ಯಾರ ಜೊತೆ ಅಥವಾ ಎಲ್ಲಿ ಹೋಗಿ ಕೂತರೆ ಮನಸ್ಸು ಬೇರೆಡೆ ಹೊರಳುತ್ತದೆ, ಯಾರ ಹತ್ತಿರ ನೇರವಾಗಿ ಸಹಾಯ ಕೇಳಬಲ್ಲೆ, ಯಾವ ವೈದ್ಯರಿಗೆ ಅಥವಾ ಸಹಾಯವಾಣಿಗೆ ಫೋನ್ ಮಾಡಲಿ, ಅಪಾಯಕಾರಿ ವಸ್ತುಗಳನ್ನು ಕೈಗೆ ಸಿಗದಂತೆ ಹೇಗೆ ದೂರ ಇಡಲಿ. ಇದನ್ನು ನಾವು ಬರೆದುಕೊಡುವುದಿಲ್ಲ, ಪೆನ್ನು ಅವರ ಕೈಯಲ್ಲಿರುತ್ತದೆ. “ಸಾಯಲ್ಲ ಅಂತ ಆಣೆ ಮಾಡಿ” ಅಂತ ಮಾತು ತೆಗೆದುಕೊಳ್ಳುವ ಹಳೆಯ ರೂಢಿಯಿಂದ ಕೇಳಿದವರಿಗೆ ಸಮಾಧಾನ ಸಿಗಬಹುದು. ಕೊಟ್ಟವರ ಕೈಯಲ್ಲಿ ಕೆಟ್ಟ ರಾತ್ರಿಗೆ ಏನೂ ಇರುವುದಿಲ್ಲ.

ಗೋಪ್ಯತೆ ಮತ್ತು ಅದರ ಅಂಚು

ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ ಅಂತ ಮಾತು ಕೊಡುತ್ತೇವೆ, ಆದರೆ ಅದಕ್ಕೊಂದು ಅಂಚಿದೆ. ಜೀವಕ್ಕೆ ಅಪಾಯ ಕಂಡರೆ, ತನ್ನದಾಗಲಿ ಬೇರೆಯವರದಾಗಲಿ, ಹೊರಗೆ ಹೇಳಬೇಕಾಗುತ್ತದೆ. ಈ ಅಂಚಿನ ಬಗ್ಗೆ ಜಗತ್ತಿನಾದ್ಯಂತ ಪಾಠ ಮಾಡುವ ಪ್ರಕರಣ ಶುರುವಾದದ್ದೂ ವಿಶ್ವವಿದ್ಯಾಲಯದಲ್ಲೇ. 1969ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ, ತತ್ಯಾನಾ ತರಾಸಾಫ್ ಎಂಬ ಯುವತಿಯನ್ನು ಕೊಲ್ಲುವ ಉದ್ದೇಶವನ್ನು ಅಲ್ಲಿನ ಮನಶ್ಶಾಸ್ತ್ರಜ್ಞರ ಮುಂದೆ ಹೇಳಿಕೊಂಡಿದ್ದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ವಿಚಾರಿಸಿ ಬಿಟ್ಟುಬಿಟ್ಟರು. ಆ ಯುವತಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಹೇಳಲಿಲ್ಲ, ಅಕ್ಟೋಬರ್‌ನಲ್ಲಿ ಅವಳ ಕೊಲೆಯಾಯಿತು. ತಂದೆತಾಯಿ ಹೂಡಿದ ದಾವೆಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ, ಅಪಾಯದಲ್ಲಿರುವ ವ್ಯಕ್ತಿಯನ್ನು ರಕ್ಷಿಸಲು ಕ್ರಮ ತೆಗೆದುಕೊಳ್ಳುವ ಹೊಣೆ ಚಿಕಿತ್ಸಕರಿಗಿದೆ ಎಂದು ತೀರ್ಪಿತ್ತಿತು. ಈ ವಿಷಯದ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಂಚು ಎಲ್ಲಿದೆ ಅಂತ ಮೊದಲ ದಿನವೇ ಹೇಳಿಬಿಡುವುದು ಮಾತ್ರ ಎಲ್ಲ ಕಡೆಗೂ ಒಂದೇ.

ದಿನನಿತ್ಯದ ಪೇಚುಗಳು ಇಷ್ಟು ದೊಡ್ಡವಲ್ಲ. ತಾಯಿ ಫೋನ್ ಮಾಡುತ್ತಾರೆ: “ನನ್ನ ಮಗಳು ನಿಮ್ಮ ಹತ್ರ ಬರ್ತಿದ್ದಾಳಂತೆ, ಹೇಗಿದ್ದಾಳೆ?” ಮಗಳು ವಯಸ್ಕಳು. ಬರುತ್ತಾಳೆ ಎನ್ನುವುದೂ ಗೋಪ್ಯ, ಬರುವುದಿಲ್ಲ ಎನ್ನುವುದೂ ಗೋಪ್ಯ. “ಯಾರ ಬಗ್ಗೆಯೂ ಹೇಳೋ ಹಾಗಿಲ್ಲಮ್ಮ, ಆದರೆ ನಿಮಗೆ ಗಾಬರಿ ಆಗಿದೆ ಅಂತ ಗೊತ್ತಾಗ್ತಿದೆ” ಅಂತ ಹೇಳುವಾಗ ಆ ಕಡೆಯ ಮೌನ ಕಷ್ಟ. ಇನ್ನು ಟ್ರೇನಿ ಅದೇ ಕ್ಯಾಂಪಸ್ಸಿನ ವಿದ್ಯಾರ್ಥಿಯಾಗಿದ್ದರಂತೂ, ಬೆಳಿಗ್ಗೆ ಎದುರು ಕೂತು ಅತ್ತವರು ಮಧ್ಯಾಹ್ನ ಕ್ಯಾಂಟೀನ್ ಸಾಲಿನಲ್ಲಿ ಮುಂದೆ ನಿಂತಿರುತ್ತಾರೆ. ಅದಕ್ಕೇ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ: “ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸಲ್ಲ, ಬೇಸರ ಮಾಡ್ಕೋಬೇಡಿ. ನೀವು ಮಾತಾಡಿಸಿದ್ರೆ ಮಾತಾಡ್ತೀನಿ.” ಸಹಪಾಠಿಗಳನ್ನು, ಗೆಳೆಯರನ್ನು ಕ್ಲೈಂಟ್ ಆಗಿ ತೆಗೆದುಕೊಳ್ಳುವಂತೆಯೇ ಇಲ್ಲ.

ಇಷ್ಟೆಲ್ಲ ಹೊತ್ತುಕೊಂಡು ಟ್ರೇನಿ ಎಲ್ಲಿಗೆ ಹೋಗಬೇಕು? ಸೂಪರ್‌ವಿಷನ್‌ಗೆ. ಜನೀನ್ ಬರ್ನಾರ್ಡ್ 1979ರಲ್ಲಿ ಹೇಳಿದ ಹಾಗೆ ಸೂಪರ್‌ವೈಸರ್ ಒಮ್ಮೆ ಮೇಷ್ಟ್ರು, ಒಮ್ಮೆ ಕೌನ್ಸೆಲರ್, ಒಮ್ಮೆ ಜೊತೆಯಲ್ಲಿ ಕೂತು ಯೋಚಿಸುವ ಸಹೋದ್ಯೋಗಿ. ಅದಕ್ಕಿಂತ ಸೋಜಿಗದ್ದು ಮನೋವೈದ್ಯ ಹೆರಾಲ್ಡ್ ಸರ್ಲ್ಸ್ 1955ರಲ್ಲೇ ಗಮನಿಸಿದ ಸಂಗತಿ. ಕ್ಲೈಂಟ್ ಮತ್ತು ಕೌನ್ಸೆಲರ್ ನಡುವೆ ನಡೆಯುತ್ತಿರುವುದೇ ಕೌನ್ಸೆಲರ್ ಮತ್ತು ಸೂಪರ್‌ವೈಸರ್ ನಡುವೆಯೂ ಮರುಕಳಿಸುತ್ತದಂತೆ. ನಾನು ನಂಬಿರಲಿಲ್ಲ. ಒಂದು ವಾರ ನಾನು ಸೂಪರ್‌ವೈಸರ್ ಮುಂದೆ ಕೂತು “ಈ ಹುಡುಗಿಗೆ ಏನು ಹೇಳಲಿ, ಬೇಗ ಹೇಳಿ, ನಾಳೆ ಬರ್ತಾಳೆ” ಅಂತ ಒಂದೇ ಸಮನೆ ಪೀಡಿಸುತ್ತಿದ್ದೆ. ಅವರು ನಗುತ್ತಾ, “ಆ ಹುಡುಗಿ ನಿಮ್ಮ ಮುಂದೆ ಹೇಗೆ ಕೂರ್ತಾಳೆ?” ಅಂದರು. ಅಕ್ಷರಶಃ ಹೀಗೆಯೇ, ಕುರ್ಚಿಯ ತುದಿಯಲ್ಲಿ.

ಟ್ರೇನಿಯ ಕಾಲ ಮುಗಿಯುವುದೂ ಸೆಮಿಸ್ಟರ್ ಲೆಕ್ಕದಲ್ಲೇ. ಇಂಟರ್ನ್‌ಶಿಪ್ ಮುಗಿದರೆ ಕೋಣೆ ಬೇರೆಯವರದು. ಎಷ್ಟು ಭೇಟಿಗಳಿವೆ ಅಂತ ಮೊದಲೇ ಹೇಳಿ, ಕೊನೆಯದಕ್ಕೆ ಎರಡು ಮೂರು ವಾರ ಮುಂಚೆಯೇ ವಿದಾಯದ ಮಾತು ಎತ್ತಬೇಕು. ಹಾಗೆ ನೋಡಿದರೆ ಅನೇಕರು ಬರುವುದೇ ಒಂದು ಸಲ. ಆದ್ದರಿಂದ ಯಾವ ಸೆಷನ್ನನ್ನೂ ‘ಇದು ಪೀಠಿಕೆ, ಮುಖ್ಯವಾದದ್ದು ಮುಂದಿನ ವಾರ’ ಅಂತ ಬಿಡುವಂತಿಲ್ಲ.

ಎರಡನೇ ವರ್ಷದಲ್ಲಿ ಇನ್ನೊಬ್ಬ ಹುಡುಗ ಬಂದ. ಕೂತವನೇ, “ಓದಿದ್ದು ಏನೂ ತಲೇಲಿ ನಿಲ್ತಿಲ್ಲ ಮೇಡಂ” ಅಂದ. ನನ್ನ ಕೈ ತಾನಾಗಿ ಹಾಳೆಯ ಕಡೆ ಹೋಯಿತು. ಹಿಂದೆ ತೆಗೆದುಕೊಂಡು, “ಯಾವಾಗಿನಿಂದ?” ಅಂತ ಕೇಳಿ ಸುಮ್ಮನಾದೆ. ಅವನೂ ಸುಮ್ಮನಾದ. ಹನ್ನೊಂದು ಸೆಕೆಂಡು, ಆಮೇಲೆ ರೆಕಾರ್ಡಿಂಗ್ ಹಾಕಿ ಎಣಿಸಿದ್ದೇನೆ, ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹನ್ನೆರಡನೆಯದರಲ್ಲಿ ಅವನು ತನ್ನ ರೂಮ್‌ಮೇಟ್ ಬಗ್ಗೆ ಹೇಳಲು ಶುರುಮಾಡಿದ. ಉಳಿದ ನಲವತ್ತು ನಿಮಿಷದಲ್ಲಿ ಪರೀಕ್ಷೆಯ ಸುದ್ದಿ ಇಬ್ಬರೂ ಎತ್ತಲಿಲ್ಲ.